ಥೋರಾಳ ಡಬ್ಬಿಯ ತೂಕ

ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿದವರು ಇಳಿದು ಬಂದು ಕಿಟಕಿಯ ಮುಂದೆ ನಿಲ್ಲಬೇಕು, ಆಮೇಲೆಯೇ ತೂಕದ ಚೀಟಿ. ಸ್ಟೆನ್‌ರುಡ್ ಊರಿನ ಗೋಧಿ ಗೋದಾಮಿನಲ್ಲಿ ಮೂವತ್ತೊಂದು ವರ್ಷದಿಂದ ತೂಕ ಬರೆಯುತ್ತಿದ್ದ ಆರ್ವಿಡ್ ಈ ಕಾನೂನನ್ನು ಯಾರಿಗೂ ಸಡಿಲಿಸಿದವನಲ್ಲ. ಕೆಲವರು ತುಂಬಿದ ಲಾರಿಯಲ್ಲಿ ಹೆಂಡತಿ, ನಾಯಿ ಎಲ್ಲರನ್ನೂ ಕೂರಿಸಿಕೊಂಡು ತೂಗಿಸುತ್ತಿದ್ದರು, ಖಾಲಿ ಲಾರಿ ತೂಗುವಾಗ ಅವರನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದರು. ಕೇಳಿದರೆ "ಅಯ್ಯೋ, ಮರೆತೇಹೋಯ್ತು ಮಾರಾಯ" ಎನ್ನುವರು. ಆರ್ವಿಡ್ ಸಿಟ್ಟಾಗುತ್ತಿರಲಿಲ್ಲ. "ಹಾಗಾದ್ರೆ ನಿನ್ ನಾಯೀನೂ ಗೋಧಿ ರೇಟಿಗೇ ಕೊಳ್ತೀನಿ, ಇಳಿಸು" ಎನ್ನುತ್ತಿದ್ದ.

ಒಮ್ಮೆ ಮಾತ್ರ ಅವನು ತಪ್ಪಿದ್ದ. ನಾಲ್ಕು ವರ್ಷದ ಹಿಂದೆ ಅವನ ಭಾವ ಹಾಲ್ವರ್ ಹಳೇ ಟ್ರೇಲರಿನಲ್ಲಿ ಮಿತಿ ಮೀರಿ ಕಬ್ಬಿಣ ಹೇರಿಕೊಂಡು ಬಂದು, "ಬರಿಯೋ, ಮುನ್ನೂರು ಪೌಂಡು ಕಮ್ಮಿ ಬರಿ, ಏನಾಗುತ್ತೆ" ಎಂದಿದ್ದ. ಆರ್ವಿಡ್ ನಗುತ್ತ ಬರೆದುಕೊಟ್ಟ. ಮೊನಿಡಾ ಘಟ್ಟ ಇಳಿಯುವಾಗ ಬ್ರೇಕು ಸುಟ್ಟು ಹೋಗಿ ಹಾಲ್ವರ್ ಕಣಿವೆಗೆ ಬಿದ್ದು ಸತ್ತ. ಚೀಟಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ಅದರ ವಿಷಯವನ್ನು ಆರ್ವಿಡ್ ಅಕ್ಕನಿಗೆ ಹೇಳಲಿಲ್ಲ. ಅಕ್ಕನೂ ಕೇಳಲಿಲ್ಲ.

ಆ ಅಕ್ಕ ಥೋರಾ ಈ ಬೇಸಿಗೆಯಲ್ಲಿ ಒಂದು ಡಬ್ಬಿ ಕೊಂಡು ತಂದಳು. ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸುವ ಹಳೇ ಕ್ಯಾಂಪರ್. ಓಡುವಾಗ ತಲೆ ತಗ್ಗಿಸಿಕೊಂಡಿರುತ್ತದೆ, ನಿಂತಾಗ ಒಳಗಿನಿಂದ ತಳ್ಳಿದರೆ ಚಾವಣಿ ಮೇಲೇಳುತ್ತದೆ, ಸುತ್ತ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಳ್ಳುತ್ತದೆ. ನದಿ ದಂಡೆಯ ಒಂದು ಹೊಲಮನೆಯಲ್ಲಿ ಸತ್ತವರ ಸಾಮಾನು ಮಾರುತ್ತಿದ್ದಾಗ ಸಿಕ್ಕಿತ್ತು. ನೆಲ ಕೊಳೆತಿತ್ತು, ಕ್ಯಾನ್ವಾಸ್ ಹರಿದಿತ್ತು, ಮಂಚದ ಕೆಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳಿಗೆ ಅದೊಂದು ಲೆಕ್ಕವೇ? ತಾನೇ ರಿಪೇರಿ ಮಾಡಿಕೊಂಡು, ಹಿಮ ಬೀಳುವ ಮೊದಲು ಅರಿಜೋನಾದ ಮರುಭೂಮಿಗೆ ಹೋಗಿ ಚಳಿಗಾಲ ಕಳೆಯುತ್ತೇನೆ ಎಂದಳು.

"ಮೊನಿಡಾ ದಾಟ್ಬೇಕು," ಎಂದ ಆರ್ವಿಡ್.

"ಗೊತ್ತು ಕಣೋ. ನಂಗೇನು ಮ್ಯಾಪ್ ನೋಡಕ್ಕೆ ಬರಲ್ವಾ?"

"ಟ್ರಕ್ಕಿನ ಮಿತಿ ಆರು ಸಾವಿರದ ನಾನೂರು ಪೌಂಡು. ಪ್ರತಿ ಕೆಲಸ ಮುಗಿದಾಗ್ಲೂ ಇಲ್ಲಿ ತೂಗ್ಬೇಕು. ನೀನು ಕೂತೂ ತೂಗ್ತೀನಿ, ಇಳಿದ ಮೇಲೂ ತೂಗ್ತೀನಿ. ನಾನು ಚೀಟಿ ಕೊಡೋ ತನಕ ನೀನು ಹೊರಡೋ ಹಾಗಿಲ್ಲ."

ಥೋರಾ ತಮ್ಮನ ಮುಖವನ್ನು ನೋಡಿ, "ಆಗ್ಲಿ," ಎಂದಳು.

ಮೊದಲ ಸಲ ಎಲ್ಲ ಸರಿಯಾಗಿತ್ತು. ಆಗಸ್ಟ್ ಕೊನೆ, ಡಬ್ಬಿಯ ಒಳಗನ್ನೆಲ್ಲ ಕಿತ್ತು ಖಾಲಿ ಮಾಡಿದ್ದಳು. ಅಕ್ಕ ಸೀಟಿನಲ್ಲಿದ್ದಾಗ ಹೊರಗಿನ ಬೋರ್ಡಿನ ಕೆಂಪು ಅಂಕಿ 5,300, ಇಳಿದಾಗ 5,160. ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಿ ಜಿಗಿಯುವ ಯಂತ್ರ ಅದು. ಇಳಿದದ್ದು ನೂರನಲವತ್ತು. ಅಕ್ಕನ ತೂಕ ಅಷ್ಟೇ.

ಹೊಸ ಪ್ಲೈವುಡ್ ನೆಲ ಹಾಕಿಕೊಂಡು ಬಂದಾಗ ಇಳಿದದ್ದು ನೂರಿಪ್ಪತ್ತು. "ಸೊರಗ್ತಿದೀಯ" ಎಂದ ಆರ್ವಿಡ್.

"ಎಲ್ಲಿ ಸೊರಗ್ತೀನೋ, ಸ್ಕರ್ಟಿನ ಗುಂಡಿ ಹಾಕಕ್ಕಾಗ್ತಿಲ್ಲ," ಎಂದು ಅವಳು ಒಂದು ತಟ್ಟೆ ಲೆಫ್ಸೆ ಇಟ್ಟು ಹೋದಳು. ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ ಬಿಸಿ ಆಲೂಗೆಡ್ಡೆ ರೊಟ್ಟಿ. ಹಾಲ್ವರ್ ಹೋದ ಮೇಲೆ ಅವಳು ಲೆಫ್ಸೆ ಮಾಡಿದ್ದು ಅದೇ ಮೊದಲು.

ಮೂರನೇ ಸಲಕ್ಕೆ ಕ್ಯಾನ್ವಾಸ್ ಹೊಲಿದು ಮುಗಿದಿತ್ತು. ಇಡೀ ಗೋಡೆಯನ್ನು ಅವಳೇ ಶಾಲೆಯ ಹಳೇ ಹೊಲಿಗೆ ಮಿಷನ್ನಿನಲ್ಲಿ ಹೊಲಿದು, ಸಂದು ಸಂದಿಗೂ ಅಂಟು ಬಳಿದಿದ್ದಳು. ಹಾಡು ಗುನುಗುತ್ತ ಟ್ರಕ್ಕಿನಿಂದ ಜಿಗಿದಳು, ಅರವತ್ತನಾಲ್ಕು ವರ್ಷದ ಹೆಂಗಸು, ಹುಡುಗಿಯ ಹಾಗೆ. ಬೋರ್ಡು ಇಳಿದದ್ದು ಎಂಬತ್ತು.

ಕಚೇರಿಯಲ್ಲಿ ಕಾಫಿ ಹೀರುತ್ತ ಕೂತಿದ್ದ ಸೆಲ್ಮರ್ ಎಂಬ ಮುದಿ ರೈತ ಕಿಟಕಿಯಿಂದ ಬಗ್ಗಿ ನೋಡಿದ. "ಏನಮ್ಮಾ ಥೋರಾ, ಇಳಿಯೋವಾಗ ಅರ್ಧ ಮೈ ಸೀಟ್ ಮೇಲೇ ಬಿಟ್ಟು ಬಂದ್ಯಾ? ಯಾವ ಅರ್ಧ ಅಂತ ಕೇಳಲ್ಲ ಬಿಡು."

"ನಿನ್ನ ನಾಲಿಗೆ ತೂಗಿದ್ರೆ ಈ ಮಿಷನ್ನೇ ಒಡೆದು ಹೋಗುತ್ತೆ, ಸೆಲ್ಮರ್," ಎಂದಳು ಥೋರಾ, ಗಟ್ಟಿಯಾಗಿ ನಗುತ್ತ.

ಆರ್ವಿಡ್ ನಗಲಿಲ್ಲ. ಅವಳು ಹೋದ ಮೇಲೆ ತಾನೇ ಹೋಗಿ ವೇಬ್ರಿಡ್ಜ್ ಮೇಲೆ ನಿಂತ. ಇನ್ನೂರು. ಇಳಿದ. ಸೊನ್ನೆ. ಸೆಲ್ಮರನನ್ನು ನಿಲ್ಲಿಸಿದ, ಅವನ ಲಾರಿಯನ್ನು ನಿಲ್ಲಿಸಿದ. ಎಲ್ಲ ಸರಿ. ಜುಲೈನಲ್ಲಿ ತಾನೇ ಸರ್ಕಾರದವರು ಬಂದು ಯಂತ್ರಕ್ಕೆ ಮುದ್ರೆ ಹಾಕಿ ಹೋಗಿದ್ದರು. ತಪ್ಪು ಯಂತ್ರದ್ದಲ್ಲ.

ಅಕ್ಟೋಬರ್ ಮೊದಲ ವಾರ ಬೆಂಚು, ಒಲೆ, ನೀರಿನ ತೊಟ್ಟಿ ಎಲ್ಲ ಕೂತಿದ್ದವು. ಅಕ್ಕ ಇಳಿದಾಗ ಬೋರ್ಡು ಇಳಿದದ್ದು ನಲವತ್ತು ಮಾತ್ರ. ಅವಳು ಕಿಟಕಿಯ ಕಡೆ ನಡೆದು ಬರುವುದನ್ನು ಆರ್ವಿಡ್ ನೋಡುತ್ತಿದ್ದ. ಗೋಧಿ ಹೊಟ್ಟಿನ ಧೂಳು ಅಂಗಳದ ತುಂಬ ಬೆರಳು ದಪ್ಪ ಕೂತಿತ್ತು. ಅವಳ ಬೂಟು ಅದರ ಮೇಲೆ ಬೆಕ್ಕಿನ ಹೆಜ್ಜೆಯಷ್ಟೇ ತೆಳು ಗುರುತು ಮಾಡಿತ್ತು.

"ಅಕ್ಕಾ, ಒಳಗೆ ಬಾ. ಬೀಜದ ಮೂಟೆ ತೂಗೋ ತಕ್ಕಡಿ ಇದೆ. ಒಂದು ಸಲ ಹತ್ತು."

"ನಾನೇನು ಬೀಜದ ಮೂಟೆನಾ?" ಅವಳು ನಕ್ಕಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಆರ್ವಿಡ್, ನಂಗೆ ಏನೂ ಆಗಿಲ್ಲ. ಚೆನ್ನಾಗಿ ನಿದ್ದೆ ಬರ್ತಿದೆ. ದಿನಾ ಅದರೊಳಗೆ ಕೂತು ಕೆಲಸ ಮಾಡ್ತೀನಿ, ಚಾವಣಿ ಇಳಿಸಿ ಬರ್ತೀನಿ, ಮನೆ ಮೆಟ್ಟಿಲು ಓಡಿ ಹತ್ತೋ ಹಾಗಾಗಿದೆ. ನಾಲ್ಕು ವರ್ಷ ಆಯ್ತು ಹೀಗಿದ್ದು. ಕೆದಕಬೇಡ."

ಆರ್ವಿಡ್ ಕೆದಕಲಿಲ್ಲ. ಆದರೆ ಒಂದನ್ನು ಗಮನಿಸಿದ. ಚಾವಣಿ ಇಳಿಸಿದ ಮೇಲೆ ಕ್ಯಾನ್ವಾಸ್ ಮಡಿಸಿ ಒಳಗೆ ಕೂರಬೇಕು. ಅಕ್ಕನ ಡಬ್ಬಿಯಲ್ಲಿ ಅದು ನಾಲ್ಕು ಕಡೆಯೂ ಕಪ್ಪೆಯ ಗಂಟಲಿನಂತೆ ಉಬ್ಬಿ ಹೊರಗೆ ಬಂದಿತ್ತು. ಡಬ್ಬಿ ಕೊಂಡ ದಿನ ಮಾರಿದವನು ಇಬ್ಬರಿಗೂ ಹೇಳಿದ್ದು ಅವನಿಗೆ ನೆನಪಿತ್ತು: ಚಾವಣಿ ಇಳಿಸುವ ಮೊದಲು ನೆತ್ತಿಯ ಕಿಂಡಿ ತೆರೆಯಬೇಕು, ಒಳಗಿನ ಗಾಳಿ ಹೋಗಕ್ಕೆ ದಾರಿ ಬೇಕು. ಇಂಥ ಡಬ್ಬಿ ಇಟ್ಟವರೆಲ್ಲ ಮೊದಮೊದಲು ಮರೆಯುವುದು ಅದನ್ನೇ. ಅಕ್ಕನೂ ಮರೆತಿರಬೇಕು ಎಂದುಕೊಂಡ.

ಹೊರಡುವ ದಿನ ಬೆಳಗ್ಗೆ ಹತ್ತಕ್ಕೆ ಬಂದಳು. ಆಕಾಶ ಸತುವಿನ ತಗಡಿನ ಹಾಗೆ ಮಂಕಾಗಿತ್ತು. ಉತ್ತರದ ಗಾಳಿಯಲ್ಲಿ ಹಿಮದ ವಾಸನೆ. ಡಬ್ಬಿಗೆ ಕೆನೆ ಬಣ್ಣ ಬಳಿದು, ಅಂಚಿಗೆ ಹಸಿರು ಪಟ್ಟಿ ಎಳೆದಿದ್ದಳು. ಬಹಳ ಚೆಂದವಾಗಿತ್ತು.

"ನೋಡೋ, 6,180! ಮಿತಿ ದಾಟಿಲ್ಲ. ಬರಿ ಚೀಟಿ!" ಸೀಟಿನಿಂದಲೇ ಕೂಗಿದಳು.

"ಇಳಿದು ಬಾ, ಅಕ್ಕಾ."

ಅವಳು ಇಳಿದು ಕಿಟಕಿಯ ಮುಂದೆ ಬಂದು ನಿಂತಳು. ಆರ್ವಿಡ್ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. 6,180. ಅಂಕಿ ಮಿಟುಕಲೂ ಇಲ್ಲ. ಅಂಗಳದ ಧೂಳಿನ ಮೇಲೆ ಟ್ರಕ್ಕಿನಿಂದ ಕಿಟಕಿಯವರೆಗೆ ಒಂದು ಗುರುತೂ ಇರಲಿಲ್ಲ.

ಅವನು ಹೊರಗೆ ಓಡಿ ಬಂದು ಅಕ್ಕನ ಎರಡು ತೋಳಿನ ಕೆಳಗೆ ಕೈ ಹಾಕಿ ಎತ್ತಿದ. ಖಾಲಿ ಗೋಣಿಚೀಲ ಎತ್ತಿದ ಹಾಗೆ ಮೇಲೆ ಬಂದಳು. ಅವಳ ಮುಖದಲ್ಲಿ ಭಯವೇ ಇರಲಿಲ್ಲ.

"ಕೆಳಗಿಡೋ, ಹುಚ್ಚಪ್ಪ. ಚೀಟಿ ಕೊಡು. ತೂಕ ಸರಿ ಇದೆ ತಾನೆ?"

"ತೂಕ ಸರಿ ಇದೆ. ಆದ್ರೆ ಹೊರಡ್ತಿರೋದು ಯಾರು?"

ಅವಳು ಚೀಟಿಗೆ ಕೈ ಚಾಚಿದಳು. ಆರ್ವಿಡ್‌ಗೆ ಗದರಲು ಏನಾದರೂ ಬೇಕಿತ್ತು, ಕಣ್ಣಿಗೆ ಬಿದ್ದದ್ದು ಉಬ್ಬಿದ ಕ್ಯಾನ್ವಾಸ್. "ನೋಡು, ಮತ್ತೆ ಕಿಂಡಿ ತೆಗೀದೇ ಚಾವಣಿ ಇಳಿಸಿದೀಯ. ದಾರೀಲಿ ಹರಿದು ಹೋಗುತ್ತೆ. ತಡಿ, ತೆಗೀತೀನಿ."

"ಬೇಡ!" ಎಂದಳು ಥೋರಾ.

ಒಂದೇ ಮಾತು. ಆದರೆ ಆ ದನಿ ಕೇಳಿದ ಮೇಲೆ ಅವಳು ಮರೆತಿರಲಿಲ್ಲ ಎಂಬುದು ಆರ್ವಿಡ್‌ಗೆ ಗೊತ್ತಾಯಿತು.

ಅವನು ಹಿಂಬಾಗಿಲು ತೆರೆದು ನಡು ಬಗ್ಗಿಸಿ ಒಳಗೆ ಹೋದ. ಒಳಗೆ ಬೆಚ್ಚಗಿತ್ತು. ಒಲೆ ಹಚ್ಚಿರಲಿಲ್ಲ, ಆದರೂ ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಬಿಸಿ. ಶಾಲೆಯ ಅಡುಗೆಮನೆಯ ಸೋಪಿನ ವಾಸನೆ, ದಾಲ್ಚಿನ್ನಿಯ ವಾಸನೆ. ಬೆಂಚಿನ ಹೊಸ ದಿಂಬು ನಡುವೆ ತಗ್ಗಾಗಿತ್ತು, ಯಾರೋ ಕೂತಿರುವಾಗ ಆಗುವಷ್ಟು. ಅವನು ನೋಡುತ್ತಿದ್ದಂತೆ ಆ ತಗ್ಗು ಸ್ವಲ್ಪ ಆ ಕಡೆಗೆ ಸರಿಯಿತು, ಅವನಿಗೆ ಜಾಗ ಬಿಟ್ಟ ಹಾಗೆ.

"ಆರ್ವಿಡ್, ಬೇಡ ಕಣೋ," ಹೊರಗಿನಿಂದ ಅಕ್ಕನ ದನಿ. "ನಿನ್ನ ಕಾಲಿಗೆ ಬೀಳ್ತೀನಿ."

ಭಾವ ಕೇಳಿದಾಗ ಕೈ ಹೇಗೆ ಸಲೀಸಾಗಿ ಬರೆದಿತ್ತು ಎಂಬುದು ನೆನಪಾಯಿತು. ಪ್ರೀತಿಯವರು ಕೇಳಿದ್ದನ್ನು ಕೊಟ್ಟು ಒಮ್ಮೆ ಕಳಿಸಿಯಾಗಿತ್ತು. ಅವನು ನೆತ್ತಿಯ ಮೇಲಿನ ಹಿಡಿಕೆ ಹಿಡಿದು ತಿರುಗಿಸಿದ.

ಕಿಂಡಿ ತೆರೆಯಿತು. ಬಿಸಿ ಉಸಿರೊಂದು ಅವನ ಮುಖ ಸವರಿಕೊಂಡು ಮೇಲೆ ಹೋಯಿತು, ಬಹಳ ಹೊತ್ತು ಹೋಗುತ್ತಲೇ ಇತ್ತು. ನಾಲ್ಕೂ ಕಡೆಯ ಕ್ಯಾನ್ವಾಸ್ ಮೆಲ್ಲಗೆ ಕುಸಿದು ಮಡಿಕೆಗೆ ಬಂತು. ದಿಂಬು ತಾನಾಗಿ ಉಬ್ಬಿ ಸಮವಾಯಿತು. ಹೊರಗೆ ಏನೋ ಧೊಪ್ಪೆಂದು ಬಿದ್ದ ಸದ್ದು.

ಥೋರಾ ಅಂಗಳದಲ್ಲಿ ಮಂಡಿಯೂರಿ ಬಿದ್ದಿದ್ದಳು. ಎರಡು ಕೈಯೂ ಬೆರಳು ಮುಚ್ಚುವಷ್ಟು ಧೂಳಿನಲ್ಲಿ ಹೂತಿದ್ದವು. ಆರ್ವಿಡ್ ವೇಬ್ರಿಡ್ಜ್‌ನಿಂದ ಇಳಿದು ಬೋರ್ಡು ನೋಡಿದ. 6,040.

"ಎಷ್ಟು ಭಾರ ಆರ್ವಿಡ್," ಅವಳು ಅಳುತ್ತಿದ್ದಳು. "ಅಯ್ಯೋ ದೇವರೇ, ಎಷ್ಟು ಭಾರ. ಹೇಗೆ ಹೊತ್ಕೊಂಡಿದ್ದೆ ಇದನ್ನ ನಾಲ್ಕು ವರ್ಷ?"

ಅವನು ಪಕ್ಕದಲ್ಲಿ ಕೂತ. ಅವಳನ್ನು ಎತ್ತಲು ಹೋಗಲಿಲ್ಲ.

"ಅಕ್ಕಾ, ಭಾವನ ಚೀಟಿ…"

"ಗೊತ್ತು." ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. "ಹೊರಡೋ ದಿನ ಅವನೇ ಹೇಳಿದ್ದ. ನಿನ್ ತಮ್ಮ ಒಳ್ಳೇ ಹುಡುಗ, ಮುನ್ನೂರು ಪೌಂಡು ಮಾಯ ಮಾಡ್ದ ಅಂತ. ನಾನೂ ನಕ್ಕೆ ಕಣೋ. ಲೆಫ್ಸೆ ಕಟ್ಟಿ ಕೊಟ್ಟು, ನಕ್ಕು ಕಳಿಸ್ದೆ."

ಗೋದಾಮಿನ ತಗಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಥೋರಾ ಒಂದು ಕೈ ನೆಲಕ್ಕೆ, ಒಂದು ಕೈ ತಮ್ಮನ ಭುಜಕ್ಕೆ ಊರಿ ಎದ್ದಳು. ಭುಜ ನೊಂದಿತು. ಆ ನೋವು ಆರ್ವಿಡ್‌ಗೆ ಹಿತವಾಗಿತ್ತು.

"ಇಲ್ಲೇ ಇರು ಅಕ್ಕಾ. ಮುಂದಿನ ವರ್ಷ ಹೋದ್ರಾಯ್ತು."

"ಆಗಲ್ಲ," ಎಂದಳು. "ಇದನ್ನೂ ಹೊತ್ಕೊಂಡೇ ಹೋಗ್ತೀನಿ. ಮೊನಿಡಾ ಮೇಲೆ ಒಂದು ಕಡೆ ನಿಲ್ಲಿಸೋದಿದೆ. ಖಾಲಿ ಹೋಗಿ ಅಲ್ಲಿ ನಿಂತು ಏನು ಪ್ರಯೋಜನ, ನೀನೇ ಹೇಳು." ಬಾಗಿಲ ಹಿಡಿ ಹಿಡಿದು, ಉಸಿರು ಬಿಡುತ್ತ ಸೀಟು ಹತ್ತಿದಳು. ಟ್ರಕ್ಕಿನ ಸ್ಪ್ರಿಂಗು ಕಿರ್ರೆಂದಿತು. 6,180.

ಆರ್ವಿಡ್ ಚೀಟಿಯಲ್ಲಿ ಎರಡು ತೂಕವನ್ನೂ ಬರೆದ, ಕೂತಾಗಿನದು, ಇಳಿದಾಗಿನದು. ಸಹಿ ಹಾಕಿ ಕೊಟ್ಟ. ಥೋರಾ ಅದನ್ನು ಓದಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡಳು.

"ಚಾವಣಿ ಇಳಿಸೋ ಮುಂಚೆ…"

"ಕಿಂಡಿ ತೆಗೀತೀನಿ ಮಾರಾಯ. ದಿನಾ ತೆಗೀತೀನಿ."

ಟ್ರಕ್ಕು ಹೆದ್ದಾರಿಗೆ ತಿರುಗಿ, ಕೊಯ್ದ ಗೋಧಿ ಹೊಲಗಳ ನಡುವೆ ದಕ್ಷಿಣಕ್ಕೆ ಹೋಗಿ, ಕೆನೆ ಬಣ್ಣದ ಚುಕ್ಕಿಯಾಗಿ ಮರೆಯಾಯಿತು. ಆರ್ವಿಡ್ ಒಳಗೆ ಬಂದು ಕೂತ. ಮುಂದಿನ ಲಾರಿ ಬರುವ ಮೊದಲು ಯಂತ್ರವನ್ನು ಸೊನ್ನೆಗೆ ತರಬೇಕು. ಮೂವತ್ತೊಂದು ವರ್ಷದ ಅಭ್ಯಾಸದಿಂದ ಬೆರಳು ಗುಂಡಿಯ ಮೇಲೆ ಹೋಯಿತು.

ಖಾಲಿ ವೇಬ್ರಿಡ್ಜ್ ಮೇಲೆ ಗಾಳಿ ಹೊಟ್ಟನ್ನು ಸುಳಿಸುಳಿಯಾಗಿ ಎಬ್ಬಿಸುತ್ತಿತ್ತು. ನಡುವೆ ಒಂದು ಕಡೆ ಮಾತ್ರ ಹೊಟ್ಟು ಕದಲದೆ, ಎರಡು ಪಾದದಷ್ಟು ಜಾಗದಲ್ಲಿ ಅಮುಕಿ ಕೂತಿತ್ತು. ಬೋರ್ಡಿನಲ್ಲಿ ಕೆಂಪು ಅಂಕಿ 20.

ಸೆಲ್ಮರ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ. "ಏನಯ್ಯಾ, ನಿನ್ ಮಿಷನ್ ಇಪ್ಪತ್ತು ಪೌಂಡು ಸುಳ್ಳು ಹೇಳ್ತಿದೆ. ಸೊನ್ನೆ ಒತ್ತು."

"ಇರ್ಲಿ ಬಿಡು, ಅದು ನನ್ನ ಪಾಲು," ಎಂದ ಆರ್ವಿಡ್, ಗುಂಡಿಯಿಂದ ಬೆರಳು ತೆಗೆದು. "ಬಂದ ಲಾರಿಗೆಲ್ಲ ನಾನೇ ಕಳೆದು ಬರೀತೀನಿ."