ಒಂದು ಸಲ ಬಡಿದರೆ

ತಾತನ ಬಲಗೈಯನ್ನು ಬಿಳಿ ಬಟ್ಟೆಯೊಳಗೆ ಸೇರಿಸುತ್ತಿದ್ದ ಧನ್ಯಶ್ರೀ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ನಡುಬೆರಳಿನ ಗೆಣ್ಣು ಕಣ್ಣಿಗೆ ಬಿದ್ದಿತ್ತು. ನಿನ್ನೆ ಸಂಜೆ ಗೋಡೆ ಬಡಿದದ್ದು ಅದೇ ಗೆಣ್ಣು.

"ಹೆದರ್ಕೋಬೇಡ ಕಣವ್ವ, ಮಲಗಿದಂಗೇ ಇದಾನೆ ನೋಡು," ಎಂದರು ಮುನಿಯಪ್ಪ. ತಾತ ದೊಡ್ಡಣ್ಣ ಸಿಟಿ ಬಸ್ಸಿನ ಕಂಡಕ್ಟರಾಗಿದ್ದಷ್ಟು ಕಾಲವೂ ಅದೇ ಬಸ್ಸಿನ ಸ್ಟಿಯರಿಂಗ್ ಹಿಡಿದಿದ್ದವರು.

"ಪುಣ್ಯಾತ್ಮರು. ಒಬ್ರಿಗೂ ತೊಂದ್ರೆ ಕೊಡ್ಲಿಲ್ಲ, ಒಂದು ಕೂಗೂ ಹಾಕ್ಲಿಲ್ಲ," ಎಂದರು ಪಕ್ಕದ ಮನೆಯ ಕಲಾ ಆಂಟಿ.

ಧನ್ಯಶ್ರೀ ಬಟ್ಟೆಯ ಅಂಚು ಎಳೆದು ಆ ಗೆಣ್ಣು ಮುಚ್ಚಿದಳು. ತಾತ ಕೂಗಿರಲಿಲ್ಲ, ನಿಜ. ಬಡಿದಿದ್ದರು. ಅದು ಗೊತ್ತಿರುವುದು ತನಗೊಬ್ಬಳಿಗೇ.

* * *

ಗೋವಿಂದರಾಜನಗರದ ಆ ಬಾಡಿಗೆ ಮನೆಗೆ ಸ್ಪ್ಯಾನಿಷ್ ಬಂದು ಆರು ತಿಂಗಳಾಗಿತ್ತು. ಪರೀಕ್ಷೆ ಪಾಸಾದರೆ ಧನ್ಯಶ್ರೀಗೆ ಕಾಲ್ ಸೆಂಟರಿನ ಕೆಲಸ ಖಾಯಂ. ಅವಳು ರೂಮಿನಲ್ಲಿ ಕೂತು ಪಾಠ ಒಪ್ಪಿಸಬೇಕು. ತಾತ ಗೋಡೆಯಾಚೆಯ ಹಾಲಿನಲ್ಲಿ ಕೂತು, ಅವಳೇ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ ಹಾಳೆ ನೋಡುತ್ತಾ ಗೋಡೆ ಬಡಿಯಬೇಕು. ಮೂವತ್ತೊಂದು ವರ್ಷ ಬಸ್ಸಿನ ತಗಡು ಬಡಿದ ಕೈ ಅದು. ಎರಡು ಸಲ ಬಡಿದರೆ ರೈಟ್, ಮುಂದೆ ಹೋಗು. ಒಂದೇ ಸಲ ಬಡಿದರೆ ಸ್ಟಾಪ್, ತಪ್ಪಾಗಿದೆ.

ಈ ವಾರದ ಪಾಠ 'ಬೊಲ್ಬೇರ್'. ಅಂದರೆ ವಾಪಸ್ ಬರುವುದು. 'ಅವನು ವಾಪಸ್ ಬರಲಿ' ಎಂದು ಹಾರೈಸುವಾಗ ಅದರ ಹೊಟ್ಟೆಯ ಸ್ವರವೇ ಬದಲಾಗಿ 'ಬುಯೆಲ್ಬಾ' ಆಗುತ್ತದೆ. 'ನಾವು ವಾಪಸ್ ಬರುವಂತಾಗಲಿ' ಎನ್ನುವಾಗ ಮಾತ್ರ ಮತ್ತೆ ಹಳೆಯ ರೂಪಕ್ಕೇ ಮರಳಿ 'ಬೊಲ್ಬಾಮೋಸ್'. ಧನ್ಯಶ್ರೀ ದಿನವೂ ಎಡವುತ್ತಿದ್ದುದು ಅಲ್ಲಿಯೇ.

"ಮಿಕ್ಕವರಿಗೆಲ್ಲಾ ಡೈವರ್ಷನ್ನು. ನಾವು ಅಂದ್ರೆ ಸೀದಾ ಮಾಗಡಿ ರೋಡು. ಇಷ್ಟೇ ಕಣೇ!" ಎಂದು ತಾತ ನಕ್ಕಿದ್ದರು.

ನಿನ್ನೆ ಸಂಜೆ ಅವಳು 'ಬೊಲ್ಬಾಮೋಸ್' ಅಂದಾಗ ಗೋಡೆಯಾಚೆ ಒಂದೇ ಸದ್ದು. ಸರಿಯಾಗಿಯೇ ಹೇಳಿದೆನಲ್ಲ? ಮತ್ತೆ ಹೇಳಿದಳು. ಸದ್ದಿಲ್ಲ.

"ಹೋಗು ತಾತ, ನಿಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ," ಎಂದು ಸಿಡುಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಅವಳು ಎದ್ದು ಹಾಲಿಗೆ ಬಂದದ್ದು ಅರ್ಧ ಗಂಟೆಯ ಮೇಲೆ. ಹಾಳೆ ನೆಲಕ್ಕೆ ಬಿದ್ದಿತ್ತು. ತಾತನ ತಲೆ ಗೋಡೆಗೆ ಒರಗಿತ್ತು.

* * *

ಚಟ್ಟ ಕಟ್ಟುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಅಜ್ಜಿ ಅಂಜನಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಇನ್ನು ಅಜ್ಜಿ ತನ್ನ ಮುಖ ನೋಡುವುದಿಲ್ಲ ಎಂಬ ಭಯವಿದ್ದರೂ ಹೇಳಿಬಿಟ್ಟಳು.

"ಅಜ್ಜಿ, ತಾತ ಬಡಿದಿದ್ರು. ಒಂದೇ ಸಲ. ನನ್ನ ಕರೆದಿದ್ರೇನೋ. ನಾನು ಹೋಗ್ಲಿಲ್ಲ."

ಅಂಜನಮ್ಮ ತಟ್ಟನೆ ಮೊಮ್ಮಗಳ ಬಾಯಿ ಮುಚ್ಚಿ, ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ನಂಗೂ ಕೇಳಿಸ್ತು ಕಣೇ," ಎಂದರು ಪಿಸುದನಿಯಲ್ಲಿ. "ನಿಂಗೆ ಪಾಠ ತಪ್ಪಿರಬೇಕು ಅಂದ್ಕೊಂಡೆ. ಸಾರಿಗೆ ಒಗ್ಗರಣೆ ಹಾಕ್ತಾ ಇಲ್ಲೇ ನಿಂತಿದ್ದೆ. ರಾತ್ರಿಯಿಂದ ಯಾರ ಹತ್ರಾನೂ ಹೇಳಿಲ್ಲ."

ಇಬ್ಬರೂ ಒಲೆಯ ಕಡೆ ನೋಡಿದರು. ಸಾರಿನ ಪಾತ್ರೆ ಇನ್ನೂ ಹಾಗೆಯೇ ಇತ್ತು.

ಸ್ಮಶಾನಕ್ಕೆ ಹೆಂಗಸರು ಹೋಗುವ ಪದ್ಧತಿ ಇಲ್ಲ. ಇಬ್ಬರೂ ಬೀದಿಯಲ್ಲಿ ಶವದ ವ್ಯಾನಿನ ಹಿಂದೆ ನಿಂತರು. "ಇವತ್ತೊಂದಿನ ನಾನೇ ಓಡಿಸ್ತೀನಿ" ಎಂದು ಹಟ ಹಿಡಿದು ಮುನಿಯಪ್ಪ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಹಿಂದಿನ ಬಾಗಿಲು ಹಾಕಿದರು. ಇಂಜಿನ್ ಸ್ಟಾರ್ಟಾಯಿತು. ವ್ಯಾನ್ ಮಾತ್ರ ಕದಲಲಿಲ್ಲ.

ಮುನಿಯಪ್ಪ ಕಿಟಕಿಯಿಂದ ತಲೆ ಹೊರಹಾಕಿದರು.

"ಧನ್ಯಾ, ರೈಟ್ ಕೊಡವ್ವ. ರೈಟ್ ಇಲ್ದೆ ನಾನು ಯಾವತ್ತೂ ಗಾಡಿ ಎತ್ತಿಲ್ಲ."

ಧನ್ಯಶ್ರೀ ಬೆರಳು ಮಡಚಿ ವ್ಯಾನಿನ ತಗಡಿಗೆ ಒಂದು ಸಲ ಬಡಿದಳು. ಆ ಸದ್ದು ಕೇಳಿದ್ದೇ ಕೈ ಮರಗಟ್ಟಿತು. ಒಂದೇ ಬಡಿತ. ವ್ಯಾನ್ ನಿಂತೇ ಇತ್ತು. ಜನ ಅವಳನ್ನೇ ನೋಡಿದರು.

ಅವಳ ಹೆಗಲ ಮೇಲಿನಿಂದ ಅಜ್ಜಿಯ ಬಳೆಯ ಕೈ ಮುಂದೆ ಬಂದು ಎರಡನೆಯ ಸಲ ಬಡಿಯಿತು.