ಕುರುಗೋಡಿನಲ್ಲಿ ಆಡಿದ ಮಾತು

ಆಗ್ನೆಸ್ ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದದ್ದು ಐವತ್ತನೇ ಇಸವಿಯ ಜನವರಿಯಲ್ಲಿ, ಒಂದು ಸೋಮವಾರ. ವಯಸ್ಸು ಇಪ್ಪತ್ತಮೂರು. ಸ್ಕಾಟ್ಲೆಂಡಿನ ಒಂದು ಮೀನುಗಾರರ ಊರಿನವಳು. ಅಪ್ಪ ಸಮುದ್ರದ ಪಾಲಾದ ಮೇಲೆ ಚರ್ಚಿನವರೇ ಅವಳನ್ನು ಓದಿಸಿದ್ದರು. ಯಾರ ಬಲವಂತವೂ ಇಲ್ಲದೆ, ಮನಸಾರೆ ಮಿಷನರಿಯಾಗಿ ಹಡಗು ಹತ್ತಿದ್ದಳು. ಇಲ್ಲಿ ಪ್ರಿಚರ್ಡ್ ದೊರೆಯ ಕೈಕೆಳಗೆ ಅವಳಿಗೆ ತರಬೇತಿ. ಈ ಸೀಮೆಯಲ್ಲೇ ಕೂದಲು ಹಣ್ಣು ಮಾಡಿಕೊಂಡಿದ್ದ ಪ್ರಿಚರ್ಡ್ ಕನ್ನಡ, ತೆಲುಗು ಎರಡನ್ನೂ ಸರಾಗವಾಗಿ ಆಡುತ್ತಿದ್ದ.

ಮರುದಿನ ಬೆಳಿಗ್ಗೆಯೇ ಮಿಷನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಒಂದು ಸಾವು. ಎಂಟೊಂಬತ್ತು ವರ್ಷದ ಹುಡುಗಿ, ವಿಷಮಶೀತ ಜ್ವರ. ಊರು ಯಾವುದು, ಹೆಸರೇನು ಎಂದು ಆಗ್ನೆಸ್ ಕೇಳಲಿಲ್ಲ. ಹೊಸಬಳು, ಎಲ್ಲಿ ನಿಲ್ಲಬೇಕೆಂಬುದೇ ತಿಳಿಯದೆ ಒಂದು ಬದಿಗೆ ನಿಂತು, ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳಿ, ಒಂದು ಹಿಡಿ ಮಣ್ಣು ಹಾಕಿ ಬಂದಳು.

ಶುಕ್ರವಾರ ಪ್ರಿಚರ್ಡ್ ಅವಳನ್ನು ಹಳೆಯ ವ್ಯಾನಿನಲ್ಲಿ ಕರೆದುಕೊಂಡು ಹೊರಟ. ಮೊದಲು ಕುರುಗೋಡು, ಅಲ್ಲಿಂದ ಸಿರುಗುಪ್ಪ. ಭಾನುವಾರ ಕುರುಗೋಡಿನ ಕೇರಿಯಲ್ಲಿ ಹತ್ತಾರು ಮನೆಗಳು ದೀಕ್ಷಾಸ್ನಾನ ಪಡೆಯುವುದಿತ್ತು. ಎರಡೂ ಕಡೆ ಎರೆಹೊಲ, ಬಿರಿದ ಹತ್ತಿ. ದಾರಿಯಲ್ಲಿ ಅವನು ಅವಳಿಗೆ ಒಂದು ಕನ್ನಡ ವಾಕ್ಯ ಕಲಿಸಿದ.

"'ನಿನ್ನ ಮಗಳು ಸುಖವಾಗಿದ್ದಾಳೆ.' ಹೇಳು ನೋಡೋಣ. ಎಲ್ಲಮ್ಮ ಅನ್ನುವವಳ ಮಗಳು ನಮ್ಮ ಬೋರ್ಡಿಂಗಿನಲ್ಲಿದ್ದಾಳೆ. ನೀನು ಹೇಳಿದರೆ ಅವಳಿಗೆ ಸಂತೋಷ."

ಆಗ್ನೆಸ್ ಇಡೀ ದಾರಿ ಅದನ್ನೇ ಬಾಯಿಪಾಠ ಮಾಡಿದಳು.

ಕೇರಿಯಲ್ಲಿ ವ್ಯಾನು ನಿಂತಿದ್ದೇ ತಡ, ಹತ್ತಿ ಬಿಡಿಸಲು ಹೊರಟಿದ್ದ ಒಬ್ಬ ಹೆಂಗಸು ಉಡಿ ಕಟ್ಟಿಕೊಂಡೇ ಓಡಿಬಂದಳು. "ನನ್ನ ಮಗಳು ಊರಮ್ಮ ಹೆಂಗದಾಳ್ರಿ ದೊರೀ? ಜ್ವರ ಬಂದಾವಂತ ಯಾರೋ ಅಂದ್ರು."

ಪ್ರಿಚರ್ಡ್ ಬಾಯಿ ತೆರೆಯದೆ ಆಗ್ನೆಸ್ ಕಡೆ ನೋಡಿದ. ಅವಳು ಎಲ್ಲಮ್ಮನ ಕೈ ಹಿಡಿದು, ನಗುತ್ತ, ಒಂದಕ್ಷರವೂ ತಪ್ಪದೆ ಹೇಳಿದಳು: "ನಿನ್ನ ಮಗಳು ಸುಖವಾಗಿದ್ದಾಳೆ."

ಎಲ್ಲಮ್ಮನ ಮುಖ ಅರಳಿತು. "ನಿನ್ನ ಹೊಟ್ಟಿ ತಣ್ಣಗಿರ್ಲಿ ಮಿಸ್ಸಮ್ಮ!" ಎಂದು ಅವಳ ಕೆನ್ನೆ ನೀವಿ ನೆಟಿಗೆ ಮುರಿದಳು. ವ್ಯಾನು ಊರು ದಾಟುವವರೆಗೂ ಆಗ್ನೆಸ್ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಳು.

ಸಂಜೆ ಸಿರುಗುಪ್ಪದ ಮಿಷನ್ ದವಾಖಾನೆಯಲ್ಲಿ ನರ್ಸ್ ಪಾರಮ್ಮ ಚಹಾ ತಂದುಕೊಟ್ಟಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. "ಎಲ್ಲಮ್ಮ ಹೇಗೆ ತಡಕೊಂಡಳು?" ಎಂದು ಕೇಳಿದಳು.

"ಏನನ್ನು?"

"ಮಗಳು ಹೋದದ್ದನ್ನು. ಮಂಗಳವಾರ ಮಣ್ಣು ಮಾಡಿದರಲ್ಲ, ನೀವೂ ಇದ್ದಿರಂತೆ."

ಆಗ್ನೆಸ್ ಲೋಟ ಕೆಳಗಿಟ್ಟು ನೇರವಾಗಿ ಪ್ರಿಚರ್ಡ್ ಇದ್ದ ಕೋಣೆಗೆ ನಡೆದಳು. ಅವನು ತಡವರಿಸಲಿಲ್ಲ.

"ಭಾನುವಾರ ಕಳೆಯಲಿ, ನಾನೇ ಹೇಳುತ್ತೇನೆ. ಈಗ ಗೊತ್ತಾದರೆ ಕೇರಿಗೆ ಕೇರಿಯೇ ಹಿಂದೆ ಸರಿಯುತ್ತದೆ. ಇಷ್ಟಕ್ಕೂ ನೀನು ಸುಳ್ಳಾಡಿದ್ದೇನು? ದೇವರ ಬಳಿ ಇರುವವಳು ಸುಖವಾಗಿಯೇ ಇದ್ದಾಳೆ. ಅದನ್ನು ನೀನು ನಂಬುವುದಿಲ್ಲವೇ?"

ನಂಬುತ್ತಿದ್ದಳು. ಅವಳನ್ನು ಉರಿಸಿದ್ದು ಅದೇ. ಅಪ್ಪ ಮುಳುಗಿದ ದಿನ ಊರಿನ ಪಾದ್ರಿ ಮನೆಬಾಗಿಲಿಗೆ ಬಂದು, ಟೋಪಿ ತೆಗೆದು, ಅಮ್ಮನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದ್ದ. ಆಮೇಲೆ ಅವಳ ಜೊತೆ ಕೂತು ಅತ್ತಿದ್ದ.

ಬೆಳಗಾಗುತ್ತಲೇ ಪಾರಮ್ಮನ ಬಳಿ ಹೋದಳು. "ನನ್ನ ಜೊತೆ ಬಾ."

"ಬರಲಾರೆ. ನನ್ನ ಅನ್ನ ಅವರ ಕೈಲಿದೆ," ಎಂದಳು ಪಾರಮ್ಮ. ಆದರೆ ಬೇಕಾದ ಮಾತು ಕಲಿಸಿದಳು, ಕುರುಗೋಡಿನ ಬಸ್ಸಿಗೂ ಹತ್ತಿಸಿದಳು.

ಎಲ್ಲಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡ ಜಡೆಪ್ಪ ಹೊಸ್ತಿಲ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ. ಆಗ್ನೆಸ್ ನಿಂತಲ್ಲೇ ಹೇಳಿದಳು: "ನಿನ್ನ ಮಗಳು ತೀರಿಕೊಂಡಳು. ನಾನು ಸುಳ್ಳು ಹೇಳಿದೆ."

ಎಲ್ಲಮ್ಮನಿಗೆ ಮೊದಲು ಹೊಳೆಯಲೇ ಇಲ್ಲ. ಆಮೇಲೆ ಹಿಟ್ಟಿನ ಕೈಯಲ್ಲೇ ಎದ್ದು ಅವಳ ರಟ್ಟೆ ಹಿಡಿದಳು. "ಯಾವತ್ತು? ಯಾವತ್ತು ಹೋತು ಕೂಸು? ನನ್ನ ಕೇಳ್ತೇನು? ಅವ್ವಾ ಅಂತೇನು? ಬಾಯಾಗ ನೀರು ಬಿಟ್ರೇನು?"

ಪ್ರಶ್ನೆಗಳೆಂದು ಆಗ್ನೆಸ್‌ಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಅವಳ ಬಾಯಲ್ಲಿದ್ದದ್ದು ಅಷ್ಟೇ ಕನ್ನಡ. "ನಿನ್ನ ಮಗಳು ತೀರಿಕೊಂಡಳು," ಎಂದಳು ಮತ್ತೆ.

"ಮತ್ತ ಅದನ್ನ ಹೇಳ್ತಾಳಲ್ಲೋ!" ಎಲ್ಲಮ್ಮ ಗಂಡನ ಕಡೆ ತಿರುಗಿ ಚೀರಿದಳು. "ನಿನ್ನೆ ನಕ್ಕೋತ ಹೇಳಿದ್ಲು, ಇವತ್ತು ಅಳಕೋತ ಹೇಳ್ತಾಳ. ಯಾವುದನ್ನ ನಂಬ್ಲಿ? ಹೊರಾಗ ಹಾಕು ಆಕಿನ್ನ!"

ಜಡೆಪ್ಪ ಹಾಕಲಿಲ್ಲ. ಎದ್ದು ದಾರಿ ಬಿಟ್ಟ.

ಭಾನುವಾರ ಒಬ್ಬರೂ ಬರಲಾರರೆಂದು ಆಗ್ನೆಸ್ ಅಂದುಕೊಂಡಿದ್ದಳು. ಬಂದರು. ಮೂರು ಮನೆಯವರು ಮಾತ್ರ ತಪ್ಪಿಸಿಕೊಂಡಿದ್ದರು. ಸಾಲಿನ ಮೊದಲಲ್ಲೇ ಜಡೆಪ್ಪ, ಒಬ್ಬನೇ. ನೀರಿನ ಬೋಗುಣಿ ಹಿಡಿಯುವ ಕೆಲಸವನ್ನು ಪ್ರಿಚರ್ಡ್ ಆಗ್ನೆಸ್‌ಗೇ ವಹಿಸಿದ್ದ.

"ಯಾಕ ಬಂದಿ ಜಡೆಪ್ಪ? ಎಲ್ಲರ ಮುಂದ ಹೇಳಪ್ಪ," ಎಂದ ಪ್ರಿಚರ್ಡ್.

ಜಡೆಪ್ಪ ನೆಲ ನೋಡುತ್ತ ಹೇಳಿದ: "ಕೂಸನ್ನ ನಿಮ್ಮ ಮಣ್ಣಾಗ ಇಟ್ಟೀರಿ. ನಾನು ಸತ್ರ ಅಲ್ಲೇ ಇಡ್ರಿ. ಇಲ್ಲಾಂದ್ರ ಆಕಿ ಒಬ್ಬಾಕಿ ಆಗ್ತಾಳ."

"ಏನಂದ?" ಎಂದು ಆಗ್ನೆಸ್ ಮೆಲ್ಲಗೆ ಕೇಳಿದಳು.

"ನಂಬಿಕೆಯಿಂದ ಬಂದಿದ್ದಾನಂತೆ," ಎಂದ ಪ್ರಿಚರ್ಡ್ ಇಂಗ್ಲಿಷಿನಲ್ಲಿ. "ನೋಡು, ನೀನು ದುಡುಕಿದ್ದರಿಂದ ನಷ್ಟವೇನೂ ಆಗಲಿಲ್ಲ."

ಸಿರುಗುಪ್ಪದಿಂದ ಬಂದು ಹಿಂದೆ ನಿಂತಿದ್ದ ಪಾರಮ್ಮ ತಲೆ ತಗ್ಗಿಸಿದಳು. ಅದನ್ನು ಕಂಡ ಆಗ್ನೆಸ್ ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ನಿಜ ಹೊರಡಿಸಿದಳು. ಕೇಳಿ, ಬೋಗುಣಿಯ ನೀರನ್ನು ಬೇಲಿಯಾಚೆ ಚೆಲ್ಲಿದಳು. ವಾಪಸು ಹೋಗುವ ಹಡಗಿನ ಯೋಚನೆ ಬಂದಿತು. ಹೋದರೆ ಅಮ್ಮನಿಗೆ ಏನು ಹೇಳುವುದು ಎಂಬುದು ಹೊಳೆಯಲಿಲ್ಲ.

ಆ ಹೊತ್ತಿಗೆ ಎಲ್ಲಮ್ಮ ಮಗಳ ಮಣ್ಣು ನೋಡಲು ಬುತ್ತಿ ಗಂಟು ಕಂಕುಳಲ್ಲಿಟ್ಟು ಬಳ್ಳಾರಿಯ ದಾರಿ ಹಿಡಿದಿದ್ದಳು. ಬಳ್ಳಾರಿಗೆ ಮರಳುತ್ತಿದ್ದ ವ್ಯಾನು ದಾರಿಯಲ್ಲಿ ಅವಳನ್ನು ಸೇರಿತು. ಆಗ್ನೆಸ್ ವ್ಯಾನು ನಿಲ್ಲಿಸಲು ಹೇಳಿ, ಇಳಿದು, ಬಾಗಿಲು ತೆರೆದು ಹಿಡಿದಳು. ಎಲ್ಲಮ್ಮ ರಸ್ತೆ ಬಿಟ್ಟು ಹೊಲಕ್ಕಿಳಿದು, ಹತ್ತಿಗಿಡಗಳ ನಡುವೆ ನಡೆದೇ ಹೋದಳು.