ವಾಪಸ್ ಬಾರದ ಕಾರ್ಡು

ಭಾನುವಾರ ಬೆಳಿಗ್ಗೆ ಮಾನಸಾ ತುಮಕೂರಿನ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರ್ ಅರ್ಧ ಎತ್ತಿ ಒಳಗೆ ಹೋದಳು. ಹನ್ನೊಂದಕ್ಕೆ ಆನ್‌ಲೈನ್ ಟೂರ್ನಮೆಂಟಿನ ಸೆಮಿಫೈನಲ್ ಇತ್ತು. ಐದು ಜನರ ತಂಡ. ಕ್ಯಾಪ್ಟನ್ ಗುಬ್ಬಿಯ ಸುಶ್ಮಿತಾ, ಡಿಪ್ಲೊಮಾದಲ್ಲಿ ಅವಳ ಜೊತೆ ಓದಿದವಳು. ಇಷ್ಟು ದೂರ ಬರಲು ಅವರಿಗೆ ಎರಡು ವರ್ಷ ಹಿಡಿದಿತ್ತು.

ಆಟ ವಿಂಡೋಸ್‌ನಲ್ಲಷ್ಟೇ ನಡೆಯುತ್ತಿತ್ತು. ಮಾನಸಾಳ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇದ್ದದ್ದು ಲಿನಕ್ಸ್. ಅದಕ್ಕೇ ಅವಳು ಲಿನಕ್ಸ್ ಒಳಗೆ ಇನ್ನೊಂದು ಕಂಪ್ಯೂಟರಿನ ಹಾಗೆ ವಿಂಡೋಸ್ ಓಡಿಸಿ, ಪರದೆಗೆ ಚಿತ್ರ ಕಳಿಸುವ, ಇದ್ದ ಒಂದೇ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ಅದಕ್ಕೆ ಬಿಟ್ಟುಕೊಡುತ್ತಿದ್ದಳು. ಒಳಗಿನ ವಿಂಡೋಸ್ ನಡುವೆ ಕೈಕೊಟ್ಟರೆ ಮಾತ್ರ ಕಷ್ಟ. ಕಾರ್ಡು ಎಲ್ಲಿದ್ದದ್ದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇಡೀ ಮಿಷನ್ ಆಫ್ ಮಾಡಿ ಆನ್ ಮಾಡಬೇಕಿತ್ತು. ಹಾಗೆ ಆಗಿದ್ದು ಎರಡೇ ಸಲ.

ಅದೇ ಮಿಷನ್ನಿಗೆ ಶುಕ್ರವಾರದಿಂದ ಪಕ್ಕದ ಕೋರ ಊರಿನ ಯಲ್ಲಯ್ಯ ಮೇಷ್ಟ್ರ ಹಾರ್ಡ್ ಡಿಸ್ಕ್ ಸಿಕ್ಕಿಸಿತ್ತು. ಅವರು ಕಿವುಡ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದವರು. ಹನ್ನೊಂದು ವರ್ಷದ ಸನ್ನೆ ಪಾಠಗಳನ್ನು ವಿಡಿಯೋ ಮಾಡಿ ಅದರಲ್ಲಿಟ್ಟಿದ್ದರು. ಡಿಸ್ಕ್ ಕೈಜಾರಿ ಬಿದ್ದಿತ್ತು. ಒಮ್ಮೆ ನಿಂತರೆ ಮತ್ತೆ ತಿರುಗುವುದು ಅನುಮಾನ ಅಂತ ಮಾನಸಾಳೇ ಹೇಳಿದ್ದಳು. ಕಾಪಿ ನಿಧಾನಕ್ಕೆ ಸಾಗಿತ್ತು. ಅದಕ್ಕೆ ಗ್ರಾಫಿಕ್ಸ್ ಕಾರ್ಡೇನೂ ಬೇಕಿಲ್ಲ, ಎರಡೂ ತಮ್ಮ ಪಾಡಿಗೆ ನಡೆಯುತ್ತವೆ ಅಂದುಕೊಂಡು ಅವಳು ಆಟಕ್ಕೆ ಕೂತಳು.

ಎರಡನೇ ಸುತ್ತು ನಡೆಯುವಾಗ ಮೇಷ್ಟ್ರು ಷಟರ್ ಕೆಳಗೆ ಬಗ್ಗಿ ಬಂದರು. "ಮನೇಲಿ ಕೂರಕ್ಕಾಗ್ಲಿಲ್ಲ ಕಣಮ್ಮ," ಅಂದು ಸ್ಟೂಲಿನ ಮೇಲೆ ಕೂತರು. ಅವಳು ತಿರುಗಿ ನೋಡುವ ಮೊದಲೇ ಪರದೆ ಕಪ್ಪಾಯಿತು.

ಮೇಷ್ಟ್ರು ಎದ್ದು ನಿಂತರು. "ಹೋಯ್ತಾ?"

"ಇರಿ ಮೇಷ್ಟ್ರೇ." ಅವಳು ಮೊಬೈಲಿನಿಂದ ಲಿನಕ್ಸಿಗೆ ಲಾಗಿನ್ ಆದಳು. ಪಾಸ್‌ವರ್ಡ್ ಒಂದು ಸಲ ತಪ್ಪಾಯಿತು. ಕಾಪಿ ನಡೆಯುತ್ತಲೇ ಇತ್ತು, ತೊಂಬತ್ಮೂರು ಪರ್ಸೆಂಟ್. ವಿಂಡೋಸನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಕಾರ್ಡು ಸಿಗುತ್ತಿಲ್ಲ ಅಂತ ಬಂತು. ಇನ್ನೊಂದು ಸಲ ಮಾಡಿದಳು. ಅದೇ ಉತ್ತರ.

ಸ್ಪೀಕರಿನಲ್ಲಿಟ್ಟಿದ್ದ ಕಾಲ್‌ನಿಂದ ಸುಶ್ಮಿತಾ ಕೂಗಿದಳು. "ಎಲ್ಲೋದ್ಯೇ? ಹತ್ತು ನಿಮಿಷ ಆಟ ನಿಲ್ಸವ್ರೆ. ರೀಸ್ಟಾರ್ಟ್ ಮಾಡೇ, ಎರಡು ನಿಮಿಷದ ಕೆಲಸ."

"ರೀಸ್ಟಾರ್ಟ್ ಮಾಡಿದ್ರೆ ಇವರ ಡಿಸ್ಕ್ ನಿಲ್ಲುತ್ತೆ."

"ಯಾರ ಡಿಸ್ಕು? ನಾವು ನಾಲ್ಕು ಜನ ಇಲ್ಲಿ ಕಾಯ್ತಿದೀವಿ ಕಣೇ."

ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತ್ತು. ಮಾನಸಾ ಮೇಷ್ಟ್ರ ಕಡೆ ತಿರುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾಪಿ ನಡೆಯುವಾಗ ಆಡೋಕೆ ಕೂತದ್ದು ತನ್ನದೇ ತಪ್ಪು ಅಂತಲೂ ಹೇಳಿದಳು.

"ಆಡ್ಕೋಮ್ಮ ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ," ಅಂದರು ಮೇಷ್ಟ್ರು. "ಅದ್ರಲ್ಲಿ ಮೂವರು ಮಕ್ಕಳು ಈಗಿಲ್ಲ. ಅವರಪ್ಪ ಅಮ್ಮಂದಿರಿಗೆ ಕೊಡ್ತೀನಿ ಅಂದಿದೀನಿ."

ಪವರ್ ಬಟನ್ ಹತ್ತಿರ ಹೋಗಿದ್ದ ಕೈಯನ್ನು ಮಾನಸಾ ಮಡಿಲಿಗೆ ತಂದುಕೊಂಡಳು. "ಸುಶ್ಮಿ, ನಾಲ್ಕೇ ಜನ ಆಡಿ. ನಾನು ಬರಲ್ಲ."

ಕಾಲ್ ಕಟ್ಟಾಯಿತು. ಸೋತ ಸುದ್ದಿ ಅವಳಿಗೆ ಗ್ರೂಪಿನ ಮೆಸೇಜಿನಿಂದ ತಿಳಿಯಿತು.

ಇಬ್ಬರೂ ಪುಟ್ಟ ಮೊಬೈಲ್ ಪರದೆಯ ಮೇಲೆ ಅಂಕಿ ಏರುವುದನ್ನೇ ನೋಡುತ್ತ ಕೂತರು. ತೊಂಬತ್ತೈದು. ತೊಂಬತ್ತಾರು. ಮೇಷ್ಟ್ರು ತಂದಿದ್ದ ಬಾಳೆಹಣ್ಣನ್ನು ಇಬ್ಬರೂ ಮುಟ್ಟಲಿಲ್ಲ. ಒಂದೂಮುಕ್ಕಾಲಿಗೆ, ತೊಂಬತ್ತೆಂಟು ದಾಟಿದ ಮೇಲೆ, ಡಿಸ್ಕ್ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಆಮೇಲೆ ಅದು ತಿರುಗಲೇ ಇಲ್ಲ.

ಆಗ ಮಾನಸಾ ಮಿಷನ್ ರೀಸ್ಟಾರ್ಟ್ ಮಾಡಿದಳು. ಕಾಪಿಯಾಗಿದ್ದ ವಿಡಿಯೋಗಳನ್ನು ಒಂದೊಂದಾಗಿ ತೆರೆದಳು. ಏಳು ಮಾತ್ರ ತೆರೆಯಲಿಲ್ಲ. ಮೇಷ್ಟ್ರು ಅವುಗಳ ಹೆಸರು ಓದಿ, ಎರಡಕ್ಕೆ ತಲೆ ತಗ್ಗಿಸಿದರು. ಆ ಮೂವರು ಮಕ್ಕಳ ವಿಡಿಯೋಗಳು ಉಳಿದಿದ್ದವು. ಅವರಲ್ಲೊಬ್ಬಳು ಹುಡುಗಿ ಪರದೆಯಲ್ಲಿ ಕೈ ಆಡಿಸಿ ಏನೋ ಹೇಳಿದಳು.

"ಏನಂತಾಳೆ ಮೇಷ್ಟ್ರೇ?"

"ಬಿಸಿಲು ಜಾಸ್ತಿ, ಒಳಗೋಗಣ ಅಂತಾಳೆ," ಅಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಸುಶ್ಮಿತಾ ಮೂರು ದಿನ ಫೋನ್ ಎತ್ತಲಿಲ್ಲ. ಬುಧವಾರ ಮಾನಸಾ ಅಂಗಡಿ ಮುಚ್ಚಿ ಗುಬ್ಬಿ ಬಸ್ ಹತ್ತಿದಳು. ಬಾಗಿಲು ತೆಗೆದದ್ದು ಸುಶ್ಮಿತಾಳೇ.

"ಸಿಟ್ಟು ಇನ್ನೂ ಹೋಗಿಲ್ಲ," ಅಂದಳು. "ಒಳಗೆ ಬಾ. ಊಟ ಆಯ್ತಾ?"